ಕಾಡುದಾರಿಯಲ್ಲಿ ಬೈಕ್ ತಂಡದ ಜೊತೆ ಹೊರಟ ಅಳಿಯನಿಗೆ

ಅಳಿಯಾ, ಬರುವ ಜೂನ್‌ನಲ್ಲಿ ನೀನು ಆಸ್ಟ್ರೇಲಿಯಾದ ಒಳನಾಡಿನಲ್ಲಿ ಬೈಕ್ ಓಡಿಸಲು ಹೊರಟಿದ್ದೀಯ. ಅದಕ್ಕೆ ಮುಂಚೆ ತಂಡದವರೆಲ್ಲ ಒಮ್ಮೆ ಒಟ್ಟಿಗೆ ಓಡಿಸಿ ಅಭ್ಯಾಸ ಮಾಡಿಕೊಳ್ಳಿ ಎಂದು ನಿಮ್ಮ ಮುಂದಾಳು ಹೇಳಿದ್ದಾರಂತೆ. ದೂರ ಹುಡುಕಬೇಡ, ನಮ್ಮ ಸೀಮೆಗೇ ಬಾ. ಹೊಸೂರಿನಿಂದ ಡೆಂಕಣಿಕೋಟೆ, ಅಂಚೆಟ್ಟಿ, ನಾಟ್ರಾಂಪಾಳ್ಯ ದಾಟಿ ಹೊಗೇನಕಲ್. ರಾತ್ರಿ ಅಲ್ಲಿದ್ದು, ಮಾರನೆಯ ದಿನ ಪೆನ್ನಾಗರ, ಧರ್ಮಪುರಿ, ಕೃಷ್ಣಗಿರಿ ಮೇಲೆ ವಾಪಸು. ಹೊಸೂರಿನಲ್ಲಿ ಬೈಕ್ ಮಾಡುವ ಕೆಲಸದಲ್ಲೇ ಆಯಸ್ಸು ಕಳೆದವನು ನಾನು, ರಜೆ ದಿನಗಳಲ್ಲಿ ಈ ದಾರಿಯಲ್ಲಿ ಹುಡುಗರ ತಂಡಗಳನ್ನು ಕರೆದುಕೊಂಡು ಹೋದವನು. ನಿನಗೂ ನಿನ್ನ ಗೆಳೆಯರಿಗೂ ಹೇಳಬೇಕಾದ್ದನ್ನು ಬರೆದಿದ್ದೇನೆ. ಎಲ್ಲರಿಗೂ ಓದಿ ಹೇಳು.

• ಮೊದಲು ಸಂಜೆ ಎಷ್ಟು ಹೊತ್ತಿಗೆ ಗಾಡಿ ನಿಲ್ಲಿಸಬೇಕು ಎಂದು ಗೊತ್ತುಮಾಡಿಕೊಳ್ಳಿ, ಬೆಳಗ್ಗೆ ಹೊರಡುವ ಹೊತ್ತನ್ನು ಅದರಿಂದ ಲೆಕ್ಕ ಹಾಕಿ. ಹೊಸೂರಿನಿಂದ ಹೊಗೇನಕಲ್‌ಗೆ ಈ ದಾರಿಯಲ್ಲಿ ನೂರು ಕಿಲೋಮೀಟರೂ ಇಲ್ಲ. ಬೆಂಗಳೂರಿನ ಹುಡುಗರು ಎರಡೂವರೆ ಗಂಟೆ ಸಾಕು ಅಂದುಕೊಂಡು ಹನ್ನೊಂದಾದರೂ ಹೊಸೂರಿನಲ್ಲೇ ತಿಂಡಿ ತಿನ್ನುತ್ತಾ ಕೂತಿರುತ್ತಾರೆ. ಒಂದು ಪಂಕ್ಚರ್, ಒಂದು ಮಳೆ, ಫೋಟೋಗೆಂದು ನಾಲ್ಕು ಕಡೆ ನಿಂತದ್ದು, ಇಷ್ಟಾದರೆ ಕಾಡಿನ ನಡುವೆಯೇ ಸಂಜೆಯಾಗುತ್ತದೆ. ನಾಲ್ಕು ಗಂಟೆಗೆಲ್ಲ ಹೊಗೇನಕಲ್‌ನಲ್ಲಿ ಸ್ಟ್ಯಾಂಡ್ ಹಾಕಿರಬೇಕು. ಮೂರರ ಹೊತ್ತಿಗೆ ಅಂಚೆಟ್ಟಿ ದಾಟಿರದಿದ್ದರೆ ಮುಂದಕ್ಕೆ ಹೋಗಬೇಡಿ, ಡೆಂಕಣಿಕೋಟೆಗೆ ಹಿಂತಿರುಗಿ. ಹತ್ತು ಜನರ ಉತ್ಸಾಹದ ಎದುರು ‘ವಾಪಸು ಹೋಗೋಣ’ ಅನ್ನುವ ಮುಂದಾಳುವೇ ನಿಜವಾದ ಮುಂದಾಳು. ಅವರು ಹಾಗೆ ಹೇಳಿದಾಗ ನೀನು ಮೊದಲಿಗನಾಗಿ ಗಾಡಿ ತಿರುಗಿಸು.

• ಇಷ್ಟು ಕಟ್ಟುನಿಟ್ಟು ಯಾಕೆಂದರೆ ಅದು ಆನೆಯ ಕಾಡು. 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿಧಾಮ, 2022ರ ಕಾವೇರಿ ದಕ್ಷಿಣ ವನ್ಯಜೀವಿಧಾಮ, ಇತ್ತ ಬನ್ನೇರುಘಟ್ಟ, ಅತ್ತ ಮಲೆಮಹದೇಶ್ವರ ಬೆಟ್ಟ, ಎಲ್ಲ ಸೇರಿ ಒಂದೇ ಕಾಡು. ರಾಗಿ ತೆನೆ ಬಲಿಯುವ ಅಕ್ಟೋಬರ್, ನವೆಂಬರಿನಿಂದ ಸುಗ್ಗಿ ಮುಗಿಯುವ ತನಕ ಬನ್ನೇರುಘಟ್ಟ ಕಡೆಯ ಹಿಂಡುಗಳು ಜವಳಗಿರಿ, ಡೆಂಕಣಿಕೋಟೆ, ಹೊಸೂರಿನ ಪಕ್ಕದ ಸಾನಮಾವು ಕಾಡಿನವರೆಗೂ ಬರುತ್ತವೆ. ಹಗಲೆಲ್ಲ ಮರದ ಮರೆಯಲ್ಲಿದ್ದು ಇಳಿಹೊತ್ತಿಗೆ ಹೊಲದ ಕಡೆ ಹೊರಡುತ್ತವೆ. ರಸ್ತೆ ಅವುಗಳ ದಾರಿಗೆ ಅಡ್ಡ ಬಿದ್ದಿದೆ. ಆರು ಗಂಟೆಯ ಮಬ್ಬಿನಲ್ಲಿ, ತಿರುವಿನಾಚೆ, ಬೂದು ಮೈಯ ಆನೆ ಹೆಡ್‌ಲೈಟಿಗೂ ಹತ್ತಿರವಾಗುವವರೆಗೆ ಕಾಣುವುದಿಲ್ಲ.

• ಆನೆ ಕಂಡರೆ ದೂರದಲ್ಲೇ ನಿಲ್ಲು. ಹಾರ್ನ್ ಬೇಡ, ಆಕ್ಸಿಲರೇಟರ್ ತಿರುವಿ ಸದ್ದು ಮಾಡುವುದು ಬೇಡ, ಫೋನ್ ಜೇಬಿನಲ್ಲೇ ಇರಲಿ. ಒಂದು ಆನೆ ದಾಟಿತು ಎಂದು ನುಗ್ಗಬೇಡ, ಮರಿ ಇನ್ನೂ ಈಚೆ ಬದಿಯಲ್ಲಿರಬಹುದು. ಗಾಡಿಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ, ಜಾಗ ಬಿಟ್ಟುಕೊಟ್ಟು ಕಾಯಿರಿ. ಎದುರಿಗೆ ಬಂದ ಬಸ್ ಡ್ರೈವರೋ ದನ ಕಾಯುವವರೋ ‘ಮುಂದೆ ಆನೆ ಇದೆ’ ಅಂದರೆ ಅದು ನಿಮಗೆ ಸಿಗುವ ಅತ್ಯಂತ ಬೆಲೆಬಾಳುವ ಮಾತು. ನಂಬಿ, ನಿಲ್ಲಿ.

• ಡೆಂಕಣಿಕೋಟೆಯಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸಿಕೊಳ್ಳಿ. ಅರ್ಧ ಇದೆ ಅನ್ನುವವನೂ ತುಂಬಿಸಲಿ.

• ಹಿಂದಿನ ದಿನವೇ ಟೈರಿನ ಗಾಳಿ, ಚೈನಿನ ಸಡಿಲ, ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್ ನೋಡಿಕೋ. ತಂಡಕ್ಕೆಲ್ಲ ಸೇರಿ ಒಂದು ಪಂಕ್ಚರ್ ಕಿಟ್, ಗಾಳಿ ಪಂಪ್, ಒಂದು ಚೈನ್ ಲಿಂಕ್, ಬ್ಯಾಂಡೇಜು, ಓಆರ್‌ಎಸ್ ಇರಲಿ, ಅವು ಸಾಲಿನ ಕೊನೆಯ ಗಾಡಿಯಲ್ಲಿರಲಿ. ಕೆಟ್ಟು ನಿಂತವನನ್ನು ತಲುಪುವುದು ಹಿಂದಿನಿಂದ ಬರುವವನೇ ಹೊರತು ಮುಂದೆ ಹೋದವನಲ್ಲ.

• ಇನ್ನು ತಂಡವಾಗಿ ಹೋಗುವ ಕ್ರಮ. ಇದನ್ನು ಕಲಿಯಲೆಂದೇ ನೀನು ಬರುತ್ತಿರುವುದು, ಹಾಗಾಗಿ ವಿವರವಾಗಿ ಹೇಳುತ್ತೇನೆ. ಎಲ್ಲರಿಗಿಂತ ಮುಂದೆ ಲೀಡ್, ಎಲ್ಲರಿಗಿಂತ ಹಿಂದೆ ಸ್ವೀಪ್. ಈ ಇಬ್ಬರ ಜಾಗ ದಿನವಿಡೀ ಬದಲಾಗಬಾರದು. ದಾರಿ ಕವಲಾಗುವ ಕಡೆ ಲೀಡ್ ತನ್ನ ಬೆನ್ನಿಗಿರುವ ಎರಡನೆಯ ಗಾಡಿಯವನಿಗೆ ಕೈ ತೋರಿಸುತ್ತಾರೆ. ಅವನು ಅಲ್ಲೇ, ಎಲ್ಲರಿಗೂ ಕಾಣುವ ಹಾಗೆ, ತಿರುಗಬೇಕಾದ ಕಡೆಗೆ ಮುಖ ಮಾಡಿ ನಿಲ್ಲಬೇಕು. ಮಿಕ್ಕವರು ಅವನನ್ನು ನೋಡಿ ತಿರುಗುತ್ತಾರೆ. ಸ್ವೀಪ್ ಬಂದು ತಲೆಯಾಡಿಸಿದ ಮೇಲೆ ಅವನು ಸ್ವೀಪ್‌ಗಿಂತ ಮುಂದೆ ಸಾಲಿಗೆ ಸೇರುತ್ತಾನೆ. ಮುಂದಿನ ಕವಲಿನಲ್ಲಿ ನಿಲ್ಲುವ ಸರದಿ ಇನ್ನೊಬ್ಬನದು. ಹೀಗೆ ಮಾಡಿದರೆ ಯಾರೂ ಮುಂದಿನವನನ್ನು ಹಿಡಿಯಲು ಅಟ್ಟಿಸಿಕೊಂಡು ಹೋಗಬೇಕಿಲ್ಲ, ಯಾರಿಗೂ ಮ್ಯಾಪ್ ಬೇಕಿಲ್ಲ. ಅಂಚೆಟ್ಟಿ ದಾಟಿದ ಮೇಲೆ ಫೋನಿಗೆ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ, ಆಗ ಈ ಕ್ರಮದ ಬೆಲೆ ತಿಳಿಯುತ್ತದೆ. ಆಸ್ಟ್ರೇಲಿಯಾದಲ್ಲೂ ದೊಡ್ಡ ತಂಡಗಳನ್ನು ಹೀಗೇ ನಡೆಸುತ್ತಾರೆ.

ನಿಲ್ಲಲು ಹೇಳಿಸಿಕೊಂಡವನಿಗೆ ಒಂದೇ ಕರ್ತವ್ಯ: ಸ್ವೀಪ್ ಬರುವವರೆಗೆ ಕದಲದಿರುವುದು. ಹತ್ತು ನಿಮಿಷವಾಯಿತು, ಬಿಸಿಲು, ಎಲ್ಲರೂ ಹೋಗಿರಬೇಕು ಎಂದು ಅವನು ಹೊರಟರೆ ಹಿಂದಿನವರಲ್ಲಿ ಒಬ್ಬ ಬೆಟ್ಟಮುಗಿಲಾಳದ ಹಾದಿ ಹಿಡಿದಿರುತ್ತಾನೆ. ತುಂಬ ಹೊತ್ತಾದರೂ ಸ್ವೀಪ್ ಬಾರದಿದ್ದರೆ ಹಿಂದೆ ಏನೋ ಆಗಿದೆ ಎಂದು ಅರ್ಥ. ಲೀಡ್ ತಾವೇ ಹಿಂತಿರುಗಿ ಬರುತ್ತಾರೆ, ಆಗಲೂ ನೀನು ಅಲ್ಲೇ ಸಿಗಬೇಕು.

• ತಂಡದಲ್ಲಿ ಹೊಸಬರನ್ನು ಲೀಡ್‌ನ ಬೆನ್ನಿಗೆ ಹಾಕಿಕೊಳ್ಳಿ. ಕೊನೆಗೆ ಹಾಕಿದರೆ ಸಾಲು ಹಿಗ್ಗುತ್ತಾ ಹೋಗಿ ಅವರು ಪಾಪ ಹೆದರಿಕೆಯಲ್ಲೇ ವೇಗ ಹೆಚ್ಚಿಸುತ್ತಾರೆ. ನಿಧಾನಸ್ಥನ ವೇಗವೇ ತಂಡದ ವೇಗ. ಇದನ್ನು ಒಪ್ಪಲಾರದವನನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಬೇಡಿ ಎಂದು ನಿಮ್ಮ ಮುಂದಾಳಿಗೆ ನಾನೇ ಹೇಳುತ್ತೇನೆ.

• ಡೆಂಕಣಿಕೋಟೆಯ ಎತ್ತರದಿಂದ ಅಂಚೆಟ್ಟಿಗೆ, ಅಲ್ಲಿಂದ ಕಾವೇರಿಗೆ ದಾರಿ ಇಳಿಯುತ್ತಲೇ ಹೋಗುತ್ತದೆ. ಇಳಿಜಾರಿನಲ್ಲಿ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಹಿಂದಿನ ಬ್ರೇಕನ್ನು ಒತ್ತಿಯೇ ಇಳಿದರೆ ಅದು ಕಾದು, ಬೇಕಾದಾಗ ಕೈಕೊಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಆಲೋಚನೆಯನ್ನು ಮನಸ್ಸಿನಿಂದಲೇ ತೆಗೆದುಹಾಕು. ಘಾಟಿಯಲ್ಲಿ ಒಂಟಿ ಸಾಲು, ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕುವಂತಿಲ್ಲ.

• ಸುಗ್ಗಿಯ ತಿಂಗಳುಗಳಲ್ಲಿ ರೈತರು ರಾಗಿ ತೆನೆಯನ್ನೂ ಹುರುಳಿ ಬಳ್ಳಿಯನ್ನೂ ರಸ್ತೆಗೆ ಹರವುತ್ತಾರೆ. ಬಸ್ಸು ಲಾರಿಗಳ ಚಕ್ರದಡಿ ಒಕ್ಕಣೆಯಾಗುತ್ತದೆ. ಕಾರಿಗೆ ಅದು ಏನೂ ಅಲ್ಲ, ಎರಡು ಚಕ್ರದ ಗಾಡಿಗೆ ತುಂಬ ಅಪಾಯ. ಹುಲ್ಲಿನ ಕೆಳಗೆ ಉದುರಿದ ಕಾಳಿನ ಮೇಲೆ ಟೈರು ಹಿಡಿತ ತಪ್ಪುತ್ತದೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು, ಬ್ರೇಕ್ ಮುಟ್ಟದೆ ದಾಟು. ಬದಿಯಲ್ಲಿ ಜಾಗವಿದ್ದರೆ ಬದಿಯಲ್ಲೇ ಹೋಗು. ಯಾರನ್ನೂ ಬೈಯಬೇಡ. ಆ ರಾಗಿಯನ್ನು ಆನೆ, ಹಂದಿಗಳಿಂದ ಉಳಿಸಿಕೊಳ್ಳಲು ಅವರು ಅಟ್ಟಣೆಯ ಮೇಲೆ ರಾತ್ರಿಗಟ್ಟಲೆ ನಿದ್ದೆಗೆಟ್ಟಿದ್ದಾರೆ.

• ಅದೇ ಕಾರಣಕ್ಕೆ ಸೈಲೆನ್ಸರ್ ಬದಲಾಯಿಸಿದ ಗಾಡಿಯನ್ನು ಈ ಊರುಗಳಿಗೆ ತರಬೇಡಿ. ರಾತ್ರಿಯೆಲ್ಲ ಕಾವಲು ಕಾದವರು ಬೆಳಗ್ಗೆ ಏಳೆಂಟು ಗಂಟೆಗೆ ಮಲಗಿರುತ್ತಾರೆ. ಇಪ್ಪತ್ತು ಗಾಡಿಗಳ ಆ ಅಬ್ಬರ ಅವರ ಒಂದೆರಡು ಗಂಟೆಯ ನಿದ್ದೆಯನ್ನೂ ಕಸಿಯುತ್ತದೆ. ನನಗೆ ಇದು ಬಹಳ ಸಂಕಟದ ವಿಷಯ, ಅಳಿಯಾ. ಕಾಡುದಾರಿಯಲ್ಲಿ ಓಡಾಡುವವರಿಗೆ ಅದು ಭಾನುವಾರದ ಸಂತೋಷ, ಅಲ್ಲಿರುವವರಿಗೆ ಅದು ಮನೆಯ ಅಂಗಳ.

• ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರಿಕೊಂಡ ಮೊಪೆಡ್‌ಗಳು ಎದುರಾಗುತ್ತವೆ. 1980ರಲ್ಲಿ ಟಿವಿಎಸ್ 50 ಬಂದದ್ದು ನಮ್ಮ ಹೊಸೂರಿನ ಕಾರ್ಖಾನೆಯಿಂದಲೇ. ಈ ಸೀಮೆಯ ಬೇಸಾಯವನ್ನು ಬೆನ್ನ ಮೇಲೆ ಹೊತ್ತದ್ದು ಆ ಜಾತಿಯ ಗಾಡಿಗಳು. ಹೊರೆ ಹೊತ್ತವನಿಗೆ ಹಿಂದಿನದು ಕಾಣುವುದಿಲ್ಲ, ಅವನು ತಟ್ಟನೆ ಬಲಕ್ಕೆ ತಿರುಗಿಯೇ ತಿರುಗುತ್ತಾನೆ ಎಂದುಕೊಂಡು ಓಡಿಸು.

• ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಕನ್ನಡದಲ್ಲೇ ಮಾತಾಡಿಸು. ತಮಿಳು, ತೆಲುಗಿನ ಜೊತೆ ಕನ್ನಡವೂ ಅಲ್ಲಿ ಮನೆಮಾತು. ದೊಡ್ಡವರನ್ನು ಕಂಡರೆ ಹೆಲ್ಮೆಟ್ ತೆಗೆದು ‘ಅಣ್ಣಾ’, ‘ಅಮ್ಮಾ’ ಎಂದು ಕೇಳು. ದಾರಿ ಹೇಳುವುದರ ಜೊತೆಗೆ ಮಳೆ, ಹಳ್ಳ, ಆನೆಯ ಸುದ್ದಿಯನ್ನೂ ಹೇಳುತ್ತಾರೆ.

• ಈ ಸೀಮೆಯ ಹೊಲದ ಬದುಗಳಲ್ಲಿ ವೀರಗಲ್ಲುಗಳು ನಿಂತಿರುವುದನ್ನು ನೋಡುತ್ತೀಯ. ಶೂಳಗಿರಿ ಹತ್ತಿರದ ಮಲ್ಲಚಂದ್ರದ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ವಾಪಸಾಗುವಾಗ ಹೊತ್ತಿದ್ದರೆ ನೋಡಿ ಬನ್ನಿ. ಮೇಲೆ ಹತ್ತಬೇಡಿ, ಗಾಡಿ ಒರಗಿಸಬೇಡಿ.

• ಹೊಗೇನಕಲ್‌ನಲ್ಲಿ ತೆಪ್ಪ ಬಿಡುವುದಿಲ್ಲ ಅಂದ ದಿನ ಚೌಕಾಸಿ ಮಾಡಬೇಡಿ. ಮೇಲೆ ಕೃಷ್ಣರಾಜಸಾಗರ, ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದೆ ಹೊಳೆ ಏರುತ್ತದೆ.

• ಇನ್ನು ನಿನ್ನ ಆಸ್ಟ್ರೇಲಿಯಾ. ಜೂನ್ ಆರಿಸಿಕೊಂಡದ್ದು ಸರಿ, ಆಗ ಅಲ್ಲಿ ಚಳಿಗಾಲ. ಬೇಸಿಗೆಯ ಬಿಸಿಲು ಎಂಥದೆಂದರೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಸಿಂಪ್ಸನ್ ಮರುಭೂಮಿಯ ಉದ್ಯಾನವನ್ನೇ ಮುಚ್ಚಿರುತ್ತಾರೆ. ನಮ್ಮಲ್ಲಿ ಆನೆ ಹೇಗೋ ಅಲ್ಲಿ ಕಾಂಗರೂ ಹಾಗೆ, ಮಬ್ಬುಬೆಳಕಿನಲ್ಲಿ ಮೇಯಲು ರಸ್ತೆಬದಿಗೆ ಬರುತ್ತದೆ. ಆದ್ದರಿಂದ ಸಂಜೆಗೆ ಮುಂಚೆ ನಿಲ್ಲಿಸುವ ರೂಢಿಯನ್ನು ಇಲ್ಲಿಂದಲೇ ತೆಗೆದುಕೊಂಡು ಹೋಗು. ಅಲ್ಲೂ ಎಡಬದಿಯಲ್ಲೇ ಓಡಿಸುವುದು, ಅದೊಂದು ನೆಮ್ಮದಿ.

ದೂರದ ಲೆಕ್ಕ ಮಾತ್ರ ಬೇರೆಯೇ. ಮರ್ರಿಯಿಂದ ಬರ್ಡ್ಸ್‌ವಿಲ್‌ಗೆ 517 ಕಿಲೋಮೀಟರ್ ಮಣ್ಣುದಾರಿ, ನಡುವೆ ಪೆಟ್ರೋಲ್ ಸಿಗುವುದು ಮುಂಗರಾನಿ ಎಂಬ ಒಂದೇ ತಾಣದಲ್ಲಿ. ಇಲ್ಲಿ ಡೆಂಕಣಿಕೋಟೆಯಲ್ಲಿ ಟ್ಯಾಂಕ್ ತುಂಬಿಸಲು ಸೋಮಾರಿತನ ಮಾಡುವವನು ಅಲ್ಲಿ ತಂಡವನ್ನೇ ಕಷ್ಟಕ್ಕೆ ತಳ್ಳುತ್ತಾನೆ. ರೋಡ್ ಟ್ರೈನ್ ಎಂಬ ಲಾರಿಗಳು 53.5 ಮೀಟರ್ ಉದ್ದದವರೆಗೂ ಇರುತ್ತವೆ. ಎದುರು ಬಂದರೆ ವೇಗ ಇಳಿಸಿ ಎಡಕ್ಕೆ ಸರಿ, ಧೂಳು ಇಳಿದು ದಾರಿ ಕಾಣುವ ತನಕ ಕಾಯಿ. ಧೂಳಿನೊಳಗೆ ಹಿಂದೆ ಹಾಕಲು ಹೋಗಲೇಬೇಡ. ಗಾಡಿ ಕೆಟ್ಟರೆ ಗಾಡಿಯ ಪಕ್ಕದಲ್ಲೇ ಇರು. ಊರು ಹುಡುಕಿಕೊಂಡು ನಡೆಯಬೇಡ, ಮೇಲಿನಿಂದ ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ. 1928ರಿಂದ ಅಲ್ಲಿ ವಿಮಾನದಲ್ಲಿ ಬರುವ ಡಾಕ್ಟರರ ಸೇವೆ ಇದೆ ನಿಜ, ಆದರೆ ಸುದ್ದಿ ಮುಟ್ಟಿದ ಮೇಲೆ ತಾನೇ ಅವರು ಬರುವುದು. ಸ್ಯಾಟಲೈಟ್ ಫೋನ್ ಯಾರ ಹತ್ತಿರ ಇದೆ, ಅದನ್ನು ಬಳಸುವುದು ಹೇಗೆ ಎಂದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಲಿ.

• ವಾಪಸಿನ ಹೆದ್ದಾರಿ ಸಲೀಸು ಎಂದು ಮೈಮರೆಯಬೇಡ. ಕೃಷ್ಣಗಿರಿಯಲ್ಲಿ ಚೆನ್ನೈ ಕಡೆಯ ಲಾರಿಗಳೆಲ್ಲ ಬಂದು ಸೇರುತ್ತವೆ. ಮಾವಿನ ಕಾಲದಲ್ಲಿ ಹಣ್ಣಿನ ಗಾಡಿಗಳೂ ಜೊತೆಗೂಡುತ್ತವೆ. ಪೊಂಗಲ್ ಆಸುಪಾಸಿನಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹೋರಿ ಬಿಡುವ ಹಬ್ಬವಿರುತ್ತದೆ, ಜನ ರಸ್ತೆಗೇ ಬಂದಿರುತ್ತಾರೆ. ಶೂಳಗಿರಿ ದಾಟಿ ಪೇರಂಡಪಲ್ಲಿ ಹತ್ತಿರ ಬಂದಾಗ, ಅದು ಆರು ಪಥದ ರಸ್ತೆಯಾದರೂ, ಎರಡೂ ಬದಿ ನೋಡಿಕೊಂಡೇ ಬಾ. ಸಾನಮಾವಿನ ಆನೆಗಳು ಅಲ್ಲೇ ದಾಟುವುದು. ಭಾನುವಾರ ಸಂಜೆ ಅತ್ತಿಬೆಲೆಯಿಂದಾಚೆ ಗಾಡಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಎರಡು ದಿನದ ದಣಿವಿನಲ್ಲಿ ಆ ಗದ್ದಲಕ್ಕೆ ಸಿಕ್ಕಿಕೊಳ್ಳುವುದಕ್ಕಿಂತ ಮನೆಗೆ ಬನ್ನಿ. ಎಷ್ಟು ಜನ ಎಂದು ಧರ್ಮಪುರಿಯಿಂದ ಫೋನ್ ಮಾಡಿ ನಿನ್ನ ಅತ್ತೆಗೆ ಹೇಳು, ಮುದ್ದೆ, ಅವರೆಕಾಳು ಸಾರು ಆಗಿರುತ್ತದೆ. ಸೋಮವಾರ ಬೆಳಗ್ಗೆ ಐದಕ್ಕೆ ಎಬ್ಬಿಸುತ್ತೇನೆ, ಆರರೊಳಗೆ ಬೆಂಗಳೂರು ಸೇರಿಕೊಳ್ಳುವಿರಂತೆ.