ಕಾಯಕಶುದ್ಧಿ ಮತ್ತು ಖೊಟ್ಟಿ ಪ್ರಮಾಣಪತ್ರ

ಕಾಯಕವೆಂಬ ಪದಕ್ಕೆ ದುಡಿಮೆಯೆಂಬಷ್ಟೇ ಅರ್ಥವನ್ನು ಹೇಳಿ ಸುಮ್ಮನಾಗುವವರು ನಮ್ಮಲ್ಲಿ ಬಹು ಜನರುಂಟು. ಮೈಮುರಿದು ದುಡಿದರೆ ಸಾಕು, ಅದು ಕಾಯಕವಾಯಿತೆಂದು ಅವರ ಎಣಿಕೆ. ಆದರೆ ಶಿವಶರಣರ ವಿಚಾರವು ಇಷ್ಟಕ್ಕೇ ನಿಲ್ಲುವಂಥದಲ್ಲ. ದುಡಿಯುವ ಸ್ಥಾನಕ್ಕೆ ಬಂದ ದಾರಿ ಎಂತಹದು, ದುಡಿದು ತಂದ ಪ್ರತಿಫಲವು ತನಗೆ ನ್ಯಾಯವಾಗಿ ಸಲ್ಲತಕ್ಕದ್ದೋ ಅಲ್ಲವೋ ಎಂಬುದನ್ನೂ ಅವರು ಒರೆಗೆ ಹಚ್ಚಿ ನೋಡಿದರು. ಸತ್ಯಶುದ್ಧ ಕಾಯಕವೆಂದು ವಿಶೇಷಣವನ್ನು ಸೇರಿಸಿ ಹೇಳುವ ರೂಢಿ ಬಂದುದು ಇದರಿಂದಲೇ. ಈ ವಿಶೇಷಣದ ಬೆಲೆಯನ್ನು ಅರಿಯಲು ಇಂದಿನ ಗೃಹಸ್ಥರಿಗೆ ತೀರ ಸಮೀಪದ ಒಂದು ವಿಷಯವನ್ನು ವಿವೇಚಿಸೋಣ: ಸುಳ್ಳು ವಿದ್ಯಾರ್ಹತೆಯ ಪತ್ರವನ್ನು ತೋರಿಸಿ ಸರಕಾರಿ ನೌಕರಿ ಪಡೆಯುವುದು, ಅದು ಬಯಲಾದಾಗ ಆ ನೌಕರಿಯನ್ನು ಕಳೆದುಕೊಳ್ಳುವುದು.

ಇದು ಎಲ್ಲಿಯೋ ದೂರದ ಕಳ್ಳಕಾಕರ ಸಂಗತಿಯೆಂದು ವಾಚಕರು ಪುಟವನ್ನು ತಿರುವಬಾರದು. ಮರ್ಯಾದಸ್ಥ ಮನೆತನಗಳಲ್ಲಿಯೇ ಇದು ಹುಟ್ಟುವುದು. ಮಗನು ಹತ್ತನೆಯ ತರಗತಿಯಲ್ಲಿ ಹಿಂದೆ ಬಿದ್ದಿರುತ್ತಾನೆ. ಹುದ್ದೆಗಳಿಗೆ ಕರೆ ಬಂದಿರುತ್ತದೆ. ದಲಾಲನೊಬ್ಬನು ಬಂದು ಇಷ್ಟು ಹಣಕ್ಕೆ ಇಷ್ಟು ಅಂಕವೆಂದು ದರ ಹೇಳುತ್ತಾನೆ. ತಂದೆಯು ಹೊಲದ ಮೇಲೆ ಸಾಲ ತೆಗೆದು ಹಣ ಹೊಂದಿಸುತ್ತಾನೆ. ಮಗನನ್ನು ದಡ ಮುಟ್ಟಿಸಿದೆನೆಂದು ಅವನಿಗೆ ಸಮಾಧಾನ. ಲೇಖನ ಪರೀಕ್ಷೆಯಿಲ್ಲದೆ ಕೇವಲ ಅಂಕಗಳ ಆಧಾರದಿಂದ ಆಯ್ಕೆ ನಡೆಯುವ ಹುದ್ದೆಗಳಲ್ಲಿ ಈ ವ್ಯಾಪಾರ ಹೆಚ್ಚು. ಯಾತಕ್ಕೆಂದರೆ ಅಲ್ಲಿ ಕಾಗದವೇ ಸರ್ವಸ್ವ. ನಮ್ಮ ರಾಜ್ಯದ ಜಲಸಂಪನ್ಮೂಲ ಇಲಾಖೆಯ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗಳಿಗೆ ನಕಲಿ ಅಂಕಪಟ್ಟಿಗಳನ್ನು ಸಲ್ಲಿಸಿದರೆಂಬ ಆರೋಪದ ಮೇಲೆ 2024ರಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಹಲವು ಅಭ್ಯರ್ಥಿಗಳನ್ನೂ ಮಧ್ಯವರ್ತಿಗಳನ್ನೂ ಬಂಧಿಸಿದುದು ಬಹು ಜನರಿಗೆ ನೆನಪಿರಬಹುದು.

ಖೊಟ್ಟಿ ಪತ್ರವು ಕಣ್ಣಿಗೆ ಎಷ್ಟೇ ಚೊಕ್ಕವಾಗಿ ಕಂಡರೂ ಅದಕ್ಕೆ ಬೇರಿಲ್ಲ. ಅಸಲು ಅಂಕಪಟ್ಟಿಯ ಹಿಂದೆ ಅದನ್ನು ಕೊಟ್ಟ ಪರೀಕ್ಷಾ ಮಂಡಲಿಯ ಅಥವಾ ವಿಶ್ವವಿದ್ಯಾಲಯದ ದಾಖಲೆಯೊಂದು ಇರುತ್ತದೆ. ನೋಂದಣಿ ಸಂಖ್ಯೆ, ವಿದ್ಯಾರ್ಥಿಯ ಹೆಸರು, ವಿಷಯವಾರು ಅಂಕಗಳು ಅಲ್ಲಿ ದಾಖಲಾಗಿರುತ್ತವೆ. ನೇಮಕ ಮಾಡಿದ ಇಲಾಖೆಯು ನೈಜತೆಯ ಪರಿಶೀಲನೆಗೆಂದು ಪತ್ರ ಬರೆದರೆ, ಆ ಸಂಖ್ಯೆ ಬೇರೊಬ್ಬರದೆಂದೋ, ಆ ವರ್ಷ ಅಂತಹ ಅಭ್ಯರ್ಥಿಯೇ ಇರಲಿಲ್ಲವೆಂದೋ ಎರಡು ಸಾಲಿನ ಉತ್ತರ ಬರುತ್ತದೆ. ಕೆಲವರಿಗೆ ಈ ಉತ್ತರ ಪರೀಕ್ಷಾರ್ಥ ಅವಧಿಯಲ್ಲಿಯೇ ಬಂದೀತು. ಕೆಲವರಿಗೆ ಹದಿನೈದು ಇಪ್ಪತ್ತು ವರುಷ ಕಳೆದ ಮೇಲೆ, ಬಡ್ತಿಯ ಹೊತ್ತಿನಲ್ಲಿ, ಇಲ್ಲವೆ ಆಗದವರೊಬ್ಬರು ಬರೆದ ಅರ್ಜಿಯಿಂದ ಬರುತ್ತದೆ. ಅಷ್ಟು ಕಾಲ ಅಂಚೆಯ ಲಕೋಟೆಯನ್ನು ಕಂಡಾಗಲೆಲ್ಲ ಎದೆ ಹಾರುವ ಬದುಕನ್ನು ಬದುಕೆನ್ನಬಹುದೇ?

ಮುಂದಿನ ಕ್ರಮವನ್ನೂ ತಿಳಿದಿರುವುದು ಒಳ್ಳೆಯದು. ಸರಕಾರಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡಲಾಗದೆಂಬ ರಕ್ಷಣೆಯನ್ನು ಸಂವಿಧಾನದ 311ನೆಯ ಅನುಚ್ಛೇದವು ಕೊಟ್ಟಿದೆ. ನಮ್ಮ ರಾಜ್ಯದಲ್ಲಿ 1957ರ ನಾಗರಿಕ ಸೇವಾ ನಿಯಮಗಳಂತೆ ದೋಷಾರೋಪಣೆಯ ಪಟ್ಟಿಯನ್ನು ಕೊಟ್ಟು, ನೌಕರನ ಉತ್ತರವನ್ನು ಪಡೆದು, ವಿಚಾರಣೆ ನಡೆಸುತ್ತಾರೆ. ಅಪರಾಧ ಸಿದ್ಧವಾದರೆ ತೆಗೆದುಹಾಕುವುದುಂಟು, ವಜಾ ಮಾಡುವುದುಂಟು. ಎರಡನೆಯದಾದರೆ ಮುಂದೆ ಸರಕಾರಿ ಸೇವೆಯ ಬಾಗಿಲು ಸಾಮಾನ್ಯವಾಗಿ ಮುಚ್ಚಿದಂತೆಯೇ. ಇದಲ್ಲದೆ ಕ್ರಿಮಿನಲ್ ಮೊಕದ್ದಮೆ ಬೇರೆ. ಸುಳ್ಳು ದಾಖಲೆಯನ್ನು ಸೃಷ್ಟಿಸುವುದು ಹೇಗೋ, ಸುಳ್ಳೆಂದು ತಿಳಿದೂ ಅದನ್ನು ಅಸಲೆಂದು ಬಳಸುವುದೂ ಹಾಗೆಯೇ ಅಪರಾಧ. ಹಿಂದೆ ಇದು ಭಾರತೀಯ ದಂಡ ಸಂಹಿತೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ವಂಚನೆಯ ಉದ್ದೇಶದಿಂದ ಮಾಡಿದ ಕೂಟರಚನೆಗೆ ಏಳು ವರುಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದನ್ನು ಹಗುರಾಗಿ ತಳ್ಳಿಬಿಡತಕ್ಕದ್ದಲ್ಲ. ಪತ್ರ ಸುಳ್ಳಿರಬಹುದು, ಆದರೆ ಇಪ್ಪತ್ತು ವರುಷ ದುಡಿದುದು ಸುಳ್ಳೇ? ವೇಳೆಗೆ ಸರಿಯಾಗಿ ಕಚೇರಿಗೆ ಹೋದನು, ಲಂಚ ಮುಟ್ಟಲಿಲ್ಲ, ಬಡವರ ಕಾಗದಗಳನ್ನು ಬೇಗನೆ ಸಾಗಿಸಿದನು, ಇದು ಕಾಯಕವಲ್ಲವೇ? ಹೀಗೆ ಕೇಳುವವರ ಕಣ್ಣಲ್ಲಿ ನೀರಿರುವುದುಂಟು, ಏಕೆಂದರೆ ಅವರು ತಮ್ಮವರನ್ನು ಕುರಿತೇ ಕೇಳುತ್ತಿರುತ್ತಾರೆ.

ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿದೆ. ಹಿಂದೆ ದಿನಗೂಲಿ ಮಾಡಿದ್ದೆವೆಂದು ಸುಳ್ಳು ಸೇವಾ ಕಾರ್ಡುಗಳನ್ನು ತೋರಿಸಿ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ್ದವರ ಪ್ರಕರಣದಲ್ಲಿ ಆ ನ್ಯಾಯಾಲಯವು 1995ರಲ್ಲಿ, ಮೋಸದಿಂದ ಪಡೆದ ಕೆಲಸದಲ್ಲಿ ಹಲವು ವರುಷ ಮುಂದುವರಿದರೆಂಬ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲವೆಂದು ತೀರ್ಮಾನಿಸಿತು. 2004ರ ಇನ್ನೊಂದು ತೀರ್ಪು ಇನ್ನೂ ಕಠಿಣವಾದುದು. ಅಲ್ಲಿ ಸುಳ್ಳಾದುದು ವಿದ್ಯೆಯ ಪತ್ರವಲ್ಲ, ಜಾತಿಯ ಪತ್ರ. ಆದರೂ ತತ್ತ್ವ ಒಂದೇ. ಕೇರಳದ ಪೊಲೀಸ್ ಅಧಿಕಾರಿಯೊಬ್ಬರು ಇಪ್ಪತ್ತೇಳು ವರುಷ ಸೇವೆ ಸಲ್ಲಿಸಿದ್ದರು. ವಜಾ ಆಜ್ಞೆಯನ್ನು ಕಡ್ಡಾಯ ನಿವೃತ್ತಿಯನ್ನಾಗಿ ಮಾರ್ಪಡಿಸಿ ಪಿಂಚಣಿಯನ್ನಾದರೂ ಉಳಿಸಬೇಕೆಂದು ಬೇಡಿಕೊಂಡರು. ನ್ಯಾಯಾಲಯ ಒಪ್ಪಲಿಲ್ಲ. ನೇಮಕವೇ ಮೂಲದಲ್ಲಿ ಶೂನ್ಯವಾದ ಮೇಲೆ ಅವರು ಆ ಹುದ್ದೆಯನ್ನು ನ್ಯಾಯವಾಗಿ ಹೊಂದಿಯೇ ಇರಲಿಲ್ಲ, ಆದುದರಿಂದ 311ನೆಯ ಅನುಚ್ಛೇದದ ಆಸರೆಯೂ ಅವರಿಗೆ ದೊರೆಯದೆಂದು ಹೇಳಿತು. ಮನೆಮಂದಿ ನಂಬಿಕೊಂಡಿದ್ದ ಪಿಂಚಣಿಯೂ ಹೀಗೆ ಹೋಯಿತು.

ಕಾನೂನು ಹೇಳಿದುದಾಯಿತು. ಶರಣರ ಮನೆಯಲ್ಲಿ ಇದಕ್ಕೆ ಏನು ಉತ್ತರ ಸಿಕ್ಕೀತು? ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಸಂಗತಿ ಎಲ್ಲರೂ ಬಲ್ಲುದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕದ್ದುದಲ್ಲ, ಬೇಡಿದುದೂ ಅಲ್ಲ. ಬಗ್ಗಿ ಬಗ್ಗಿ ಆಯ್ದ ಅಕ್ಕಿಯೇ. ಆದರೂ ಲಕ್ಕಮ್ಮನು ಅದನ್ನು ಒಲೆಯ ಮೇಲೆ ಏರಿಸಲಿಲ್ಲ. ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ಮಾರಯ್ಯನ ಶ್ರಮದಲ್ಲಿ ಅವಳಿಗೆ ಸಂಶಯವಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಶ್ರಮವು ನಿಜವಾಗಿದ್ದರೂ ತಮಗೆ ಸಲ್ಲದ ಭಾಗವು ತಮ್ಮದಾಗದೆಂಬುದೇ ಆ ತಾಯಿಯ ನಿರ್ಣಯ. ನ್ಯಾಯವಾಗಿ ಆಯ್ದ ಅಕ್ಕಿಯ ಹೆಚ್ಚಳವೇ ಸಲ್ಲದಿದ್ದಲ್ಲಿ, ಸುಳ್ಳು ಹೇಳಿ ಕುಳಿತ ಪೀಠದ ವೇತನವು ಸಲ್ಲುವುದೆಂತು?

ಆ ಪೀಠವು ಬರಿದಾಗಿಯೂ ಇರಲಿಲ್ಲ. ಹುದ್ದೆಯೊಂದಕ್ಕೆ ಅಂಕಗಳ ಅನುಕ್ರಮದಲ್ಲಿ ಪಟ್ಟಿ ಸಿದ್ಧವಾಗುವಾಗ, ಖೊಟ್ಟಿ ಅಂಕಗಳು ಮೇಲೇರಿದಷ್ಟೂ ನಿಜವಾದ ಅಂಕಗಳು ಕೆಳಗಿಳಿಯುತ್ತವೆ. ಪಟ್ಟಿಯ ಗೆರೆಯ ಕೆಳಗೆ ಉಳಿದವನು ಯಾವುದೋ ಹಳ್ಳಿಯಲ್ಲಿ ತನ್ನ ವಿದ್ಯೆಯೇ ಸಾಲದೆಂದು ನಂಬಿ, ವಯೋಮಿತಿ ಮೀರಿ, ಬೇರೆ ದಾರಿ ಹಿಡಿದಿರುತ್ತಾನೆ. ಅವನಿಗೆ ತನ್ನ ಅನ್ನವನ್ನು ಯಾರು ಉಂಡರೆಂಬುದು ಎಂದಿಗೂ ಗೊತ್ತಾಗದು. ಇಪ್ಪತ್ತು ವರುಷದ ನಿಷ್ಠೆಯ ಲೆಕ್ಕವನ್ನು ಮುಂದಿಡುವವರು ಈ ಇಪ್ಪತ್ತು ವರುಷದ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು. ಇಂತಹ ವೇತನದಿಂದ ಮಾಡಿದ ದಾಸೋಹವು ಯಾರ ದಾಸೋಹವೆಂಬುದನ್ನೂ ಯೋಚಿಸಬೇಕು. ಮಠಕ್ಕೆ ಕೊಟ್ಟರೆ ಹಣ ತೊಳೆದುಹೋಗುವುದೆಂಬ ಭ್ರಮೆ ಕೆಲವರಲ್ಲಿದೆ.

ಹಾಗಾದರೆ ಒಳಗೆ ಸಿಕ್ಕಿಕೊಂಡವನಿಗೆ ದಾರಿಯೇ ಇಲ್ಲವೇ? ಬಿಹಾರದಲ್ಲಿ ನಕಲಿ ಪದವಿಗಳಿಂದ ನೇಮಕಗೊಂಡ ಶಿಕ್ಷಕರ ವಿಷಯವು ಪಾಟ್ನಾ ಉಚ್ಚ ನ್ಯಾಯಾಲಯಕ್ಕೆ ಬಂದಾಗ, 2015ರಲ್ಲಿ ನ್ಯಾಯಾಲಯವು ಒಂದು ಗಡುವನ್ನು ಕೊಟ್ಟು, ಅಷ್ಟರೊಳಗೆ ತಾವಾಗಿ ರಾಜೀನಾಮೆ ಕೊಟ್ಟವರ ಮೇಲೆ ಕ್ರಮ ಜರುಗಿಸುವುದಿಲ್ಲವೆಂದು ಸೂಚಿಸಿತು. ಸಾವಿರಕ್ಕೂ ಮಿಕ್ಕಿ ಶಿಕ್ಷಕರು ರಾಜೀನಾಮೆ ಕೊಟ್ಟು ಹೊರಬಂದರು. ಅಂಥ ಗಡುವು ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಸಿಕ್ಕುವುದಿಲ್ಲ. ತಾನಾಗಿ ಬಿಟ್ಟವನಿಗೂ ಮೊಕದ್ದಮೆ ತಪ್ಪೀತೆಂಬ ಖಾತ್ರಿಯಿಲ್ಲ. ಆದುದರಿಂದ ಅಂಥವನು ಮೊದಲು ಬಲ್ಲ ವಕೀಲರನ್ನು ಕಾಣುವುದು ಲೇಸು. ಆದರೆ ಮಾರಯ್ಯನು ಅಕ್ಕಿಯ ಗಂಟನ್ನು ಹೊತ್ತು ಮಹಾಮನೆಗೆ ಮರಳಿ ನಡೆದಾಗ ಯಾರೂ ಅವನನ್ನು ಹಿಡಿದು ಎಳೆದೊಯ್ದಿರಲಿಲ್ಲವಷ್ಟೆ.

ಮೋಸ ಮಾಡಿದವನನ್ನೂ ಮೋಸ ಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾನೂನಿನ ಅಧಿಕಾರವೇ ಇಲ್ಲದೆ ವಿಶ್ವವಿದ್ಯಾಲಯವೆಂದು ಹೆಸರಿಟ್ಟುಕೊಂಡು ಪದವಿ ಹಂಚುವ ಸಂಸ್ಥೆಗಳುಂಟು. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮವು ಇದನ್ನು ನಿಷೇಧಿಸಿದೆ. ಆಯೋಗವು ಅಂತಹವುಗಳ ಪಟ್ಟಿಯನ್ನು ಆಗಾಗ್ಗೆ ಪ್ರಕಟಿಸುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸ ಹೊತ್ತ ಒಂದು ಸಂಸ್ಥೆಯ ಹೆಸರು ಆ ಪಟ್ಟಿಗಳಲ್ಲಿ ಹಲವು ವರುಷ ಕಾಣಿಸಿಕೊಂಡಿತು. ನಂಬಿ ಶುಲ್ಕ ಕಟ್ಟಿ, ಓದಿ, ಪರೀಕ್ಷೆ ಬರೆದ ಹುಡುಗನ ಪದವಿ ನಡೆಯದೆ ಹೋಗಬಹುದು, ಆದರೆ ಅವನು ಕಳ್ಳನಲ್ಲ. ಸೇರುವ ಮೊದಲೇ ಆ ಪಟ್ಟಿಯನ್ನು ನೋಡುವುದು ಹಿರಿಯರ ಕೆಲಸ.

ಕೆಲಸ ಕಳೆದುಕೊಂಡ ಮನೆಯ ಕುರಿತು ಒಂದು ಮಾತು. ವಜಾ ಆದ ಸುದ್ದಿ ಊರಲ್ಲಿ ಹಬ್ಬಿದೊಡನೆ ನಿಶ್ಚಯವಾದ ಸಂಬಂಧಗಳನ್ನು ಮುರಿಯುವುದೂ, ಜಾತ್ರೆಯಲ್ಲಿ ಮುಖ ತಿರುಗಿಸುವುದೂ ನಡೆಯುತ್ತವೆ. ಪತ್ರವನ್ನು ಮಾಡಿಸಿದಾಗ ಹುಟ್ಟಿಯೇ ಇರದ ಮಕ್ಕಳಿಗೆ ಈ ಶಿಕ್ಷೆ ಏಕೆ? ಇನ್ನು ಕಲಿಯದೆ ಕಲಿತೆನೆಂದವನಿಗೆ ಕಲಿಯುವ ದಾರಿ ಈಗಲೂ ತೆರೆದೇ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಲು ಹದಿನಾಲ್ಕು ವರುಷ ತುಂಬಿದ್ದರಾಯಿತು. ಇಷ್ಟೇ ವಯಸ್ಸಿನೊಳಗೆಂಬ ಮಿತಿಯಿಲ್ಲ. ಪರೀಕ್ಷೆಗಳು ವರುಷಕ್ಕೆ ಎರಡು ಸಲ ನಡೆಯುತ್ತವೆ.