ಪಶುವೈದ್ಯನ ದೇಶ ಸುತ್ತಾಟ

ದೇಶ ಸುತ್ತು, ಕೋಶ ಓದು ಎಂಬ ಗಾದೆ ಪಶುವೈದ್ಯನಿಗೂ ಸಲ್ಲತಕ್ಕದ್ದು. ರಾಜಸ್ಥಾನದ ಜಯಪುರದಲ್ಲಿ 1980ರಲ್ಲಿ ಸ್ಥಾಪಿತವಾದ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಪ್ರಾಣಿ ಆಶ್ರಯಧಾಮವನ್ನು ನಿದರ್ಶನವಾಗಿ ನೋಡೋಣ. ಅಲ್ಲಿಯ ವೈದ್ಯರು 1994ರಿಂದ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಬೀದಿಯಲ್ಲಿಯೇ ಮರಳಿ ಬಿಡತೊಡಗಿದರು. ಎಂಟು ವರ್ಷಗಳಲ್ಲಿ ಆ ಪ್ರದೇಶದ ನಾಯಿಗಳ ಸಂಖ್ಯೆ ತಗ್ಗಿತು. ಆ ರೋಗಕ್ಕೆ ಮನುಷ್ಯರು ಬಲಿಯಾಗುವುದೂ ನಿಂತಿತು.

ಇಂತಹ ಧಾಮವನ್ನು ಸಂದರ್ಶಿಸುವ ವೈದ್ಯನು ಕಟ್ಟಡದ ಅಂದವನ್ನಲ್ಲ, ಕೆಲಸದ ಕ್ರಮವನ್ನು ಗಮನಿಸಬೇಕು. ನಾಯಿ ಸಿಕ್ಕ ಸ್ಥಳವನ್ನು ಹೇಗೆ ಬರೆದಿಡುತ್ತಾರೆ? ಯಾವ ಗೂಡನ್ನು ಮೊದಲು ತೊಳೆಯುತ್ತಾರೆ? ಎಳೆಮರಿಗಳದು ಮೊದಲು, ರೋಗಿಗಳದು ಕೊನೆಗೆ ಎಂಬುದು ನಿಯಮ. ಏಕೆಂದರೆ ಮರಿಗಳನ್ನು ಕೊಲ್ಲುವ ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದುದರಿಂದಲೇ ಸಂದರ್ಶಕನು ಪಾದರಕ್ಷೆಯನ್ನೂ ಉಡುಪನ್ನೂ ಬದಲಿಸಬೇಕು. ಇಲ್ಲವಾದರೆ ವಿದ್ಯೆಯೊಡನೆ ರೋಗವನ್ನೂ ತನ್ನ ಧಾಮಕ್ಕೆ ಹೊತ್ತು ತಂದಾನು.

ರೇಬೀಸ್ ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತಿ ವಿರಳ. ಆದುದರಿಂದ ನಾವು ಮಕ್ಕಳಿಗೂ ಪೋಷಕರಿಗೂ ಹೇಳುವುದಿಷ್ಟೆ: ನಾಯಿ ಕಚ್ಚಿದರೆ ಮುಚ್ಚಿಡದಿರಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗಿರಿ.