ಜಗಳಕ್ಕೆ ಮೊದಲೇ ಕಟ್ಟಬೇಕಾದ ಕಟ್ಟೆ



ಕಾವೇರಿ ವಿವಾದ ಬಿಸಿಯೇರಿದರೆ ಅತ್ತಿಬೆಲೆ ಗಡಿಯಲ್ಲಿ ಬಸ್ಸು ನಿಲ್ಲುತ್ತದೆ. ಗುಮ್ಮಳಾಪುರ, ತಳಿ, ಹೊಸೂರು ಕಡೆಯವರಾದ ನಮಗೆ ಆಗ ಎರಡು ಕಡೆಯಿಂದಲೂ ಸಂಕಟ. ಆ ಕಡೆ ಹೋದರೆ ನಮ್ಮ ವಾಹನದ ನಂಬರು ತಮಿಳುನಾಡಿನದು. ಈ ಕಡೆ ಇದ್ದರೆ ನಮ್ಮ ಮನೆಮಾತು ಕನ್ನಡ. ಆದ್ದರಿಂದ ಶಾಂತಿ ನಮಗೆ ಬರೀ ಉಪದೇಶದ ಮಾತಲ್ಲ, ಬದುಕಿನ ಪ್ರಶ್ನೆ.

1991ರಲ್ಲಿ ನ್ಯಾಯಮಂಡಳಿಯು 205 ಟಿಎಂಸಿ ನೀರು ಬಿಡಲು ಮಧ್ಯಂತರ ಆದೇಶ ನೀಡಿತು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಗಲಭೆಯಲ್ಲಿ ನೊಂದವರು ಬಡವರೇ. 2002ರಲ್ಲಿ ಮಳೆ ಕೈಕೊಟ್ಟಾಗ ಮತ್ತೆ ಅದೇ ಉದ್ವೇಗ.

ಆಗ ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಮೊದಲಾದವರು ಎರಡೂ ರಾಜ್ಯಗಳ ರೈತರನ್ನು ಒಂದೆಡೆ ಕೂಡಿಸಿದರು. 2003ರಲ್ಲಿ ಚೆನ್ನೈಯಲ್ಲಿ ಮೊದಲ ಸಭೆ ನಡೆಯಿತು. ಆಮೇಲೆ ಬೆಂಗಳೂರಿನಲ್ಲೂ ಸೇರಿದರು. ಇದೇ 'ಕಾವೇರಿ ಕುಟುಂಬ'. ರೈತರು ಪರಸ್ಪರರ ಊರುಗಳಿಗೆ ಹೋಗಿ ಗದ್ದೆ, ನಾಲೆಗಳನ್ನು ಕಣ್ಣಾರೆ ಕಂಡರು. ಎದುರಾಳಿಯೂ ತನ್ನಂತೆಯೇ ಮಳೆಗಾಗಿ ಆಕಾಶ ನೋಡುವವನೆಂದು ತಿಳಿಯಿತು.

ನೀರಿನ ಪಾಲನ್ನು ಈ ಕುಟುಂಬ ತೀರ್ಮಾನಿಸಲಿಲ್ಲ. ಅದಕ್ಕೆ 2007ರ ಅಂತಿಮ ತೀರ್ಪು, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾದವು. ನಡುವೆ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟುಹೋದವು. ಹಾಗಾದರೆ ಪ್ರಯತ್ನ ವ್ಯರ್ಥವೇ? ಅಲ್ಲ. ತೀರ್ಪು ಪಾಲು ಹಂಚುತ್ತದೆ; ನೆರೆಯವರ ನಡುವೆ ನಂಬಿಕೆ ಬೆಳೆಸುವ ಕೆಲಸ ನೆರೆಯವರದೇ. ಆ ಕೆಲಸ ಕೆಲವು ಮುಖಂಡರಲ್ಲೇ ನಿಂತರೆ ಸಾಲದು, ಊರೂರಿಗೆ ಇಳಿಯಬೇಕು.

ನಾವು ಮಾಡಬಹುದಾದದ್ದು:

1. ಊರಿನಲ್ಲಿ ಶಾಂತಿ ಸಮಿತಿ ಇರಲಿ. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರೂ, ಎಲ್ಲ ಜಾತಿಯವರೂ, ಹೆಣ್ಣುಮಕ್ಕಳೂ ಅದರಲ್ಲಿರಲಿ.

2. ಗಲಾಟೆ ಇಲ್ಲದ ದಿನಗಳಲ್ಲೂ ಸಭೆ ಸೇರಿ, ನಡಾವಳಿ ಬರೆದಿಡಿ. ಸುದ್ದಿ ಬಂದೊಡನೆ ಠಾಣೆಗೂ ಗಡಿಯಾಚೆಯ ಪರಿಚಿತರಿಗೂ ವಿಚಾರಿಸಿ, ನಿಜ ತಿಳಿದ ಮೇಲೆ ಹೇಳಿ.

3. ಜಮೀನು, ದಾರಿ, ಹಣದ ವ್ಯಾಜ್ಯಗಳಿಗೆ ಲೋಕ ಅದಾಲತ್ ಇದೆ. ಅಲ್ಲಿಯ ರಾಜಿ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ನಡೆಯುತ್ತಿರುವ ಕೇಸಾದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ಸು.

4. ಹಲ್ಲೆ, ಜಾತಿನಿಂದನೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವನ್ನು ಕಟ್ಟೆಯಲ್ಲಿ ಮುಚ್ಚಿಹಾಕಬಾರದು. ಅನ್ಯಾಯದ ಮೇಲೆ ಕಟ್ಟಿದ ರಾಜಿ ನಿಲ್ಲದು.

ಚಿಂತನೆಗೆ: ನಾಳೆ ಗಡಿ ಮುಚ್ಚಿದರೆ, ಆಚೆಯಿಂದ ನಿಜಸುದ್ದಿ ಹೇಳಲು ನಿಮಗೆ ಯಾರಿದ್ದಾರೆ? ಈಚೆಗೆ ಬಂದು ಸಿಕ್ಕಿಕೊಂಡ ಅವರ ಮಕ್ಕಳಿಗೆ ನೀವಿದ್ದೀರಾ?